ಬಾಗಿಲಿಗೆ ಒತ್ತಿಟ್ಟ ಮಣ್ಣು

ನಮ್ಮ ಅಡುಗೆಮನೆಯ ಬಾಗಿಲಿಗೆ ಒಂದು ಚಾಳಿ ಇತ್ತು. ಮುಂಗಾರಿನ ಗಾಳಿ ಎದ್ದಿತೆಂದರೆ ಅದು ಯಾರ ಮಾತನ್ನೂ ಕೇಳದೆ ಧಡಾರನೆ ಬಡಿದುಕೊಳ್ಳುತ್ತಿತ್ತು. ವಿಜಯಪುರದ ಗಾಳಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಅರಿಯದವರು ವಿವರಿಸಿದರೂ ನಂಬುವುದಿಲ್ಲ. ಹೋದ ವರ್ಷ ನನ್ನ ಹೆಂಡತಿ ಸುಮಿತ್ರಾ ಇದಕ್ಕೊಂದು ಮದ್ದು ಕಂಡುಹಿಡಿದಳು. ನನ್ನ ಓದುವ ಕೋಣೆಯಿಂದ, ಪ್ಲಾಸ್ಟಿಕ್ ಸುತ್ತಿದ ಬೂದು ಬಣ್ಣದ ಒಂದು ಗಡ್ಡೆಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ಬಾಗಿಲ ಬುಡಕ್ಕೆ ಒತ್ತಿಟ್ಟಳು. ಅಂದಿನಿಂದ ಬಾಗಿಲು ಶಿಸ್ತು ಕಲಿಯಿತು. ಮನೆಗೆ ಬಂದವರು ಯಾರಾದರೂ, “ಇದ್ಯಾವ ಕಲ್ಲ್ರಿ ಅಕ್ಕಾರ?” ಎಂದರೆ ಅವಳು, “ಕಲ್ಲಲ್ರಿ, ನಮ್ಮವರ ಹವ್ಯಾಸ” ಎನ್ನುತ್ತಿದ್ದಳು.

ಆ ಗಡ್ಡೆ ಐದು ಕಿಲೋ ಮಣ್ಣು. ಗೊಂಬೆ ಮಾಡಲೆಂದು ನಾನು ಬೇರೆ ರಾಜ್ಯದಿಂದ ಕೊರಿಯರ್‌ನಲ್ಲಿ ತರಿಸಿದ್ದು. ಎರೆಭೂಮಿಯಲ್ಲಿ ಹುಟ್ಟಿ, ಮಳೆ ಬಿದ್ದ ದಿನ ಒಂದೊಂದು ಚಪ್ಪಲಿಗೆ ಸೇರು ಸೇರು ಮಣ್ಣು ಮೆತ್ತಿಸಿಕೊಂಡು ಮನೆಗೆ ಬಂದು ಬೈಸಿಕೊಂಡು ಬೆಳೆದ ಮನುಷ್ಯ ನಾನು. ಅದನ್ನು ತಂದ ಹುಡುಗ ಏದುಸಿರು ಬಿಡುತ್ತ, “ಏನೈತ್ರಿ ಸರ ಇದರಾಗ, ಇಷ್ಟ ವಜ್ಜ ಐತಿ?” ಎಂದು ಕೇಳಿದ.

“ಮಣ್ಣು” ಎಂದೆ.

ಅವನು ನನ್ನನ್ನು ನೋಡಿದ. ಆಮೇಲೆ ಎದುರಿನ ಪ್ಲಾಟಿನಲ್ಲಿ ಪಾಯ ತೋಡಿ ಆಳೆತ್ತರ ಸುರಿದಿದ್ದ ಕರಿಮಣ್ಣಿನ ಗುಡ್ಡೆಯನ್ನು ನೋಡಿದ. ಮತ್ತೆ ನನ್ನನ್ನು ನೋಡಿ, “ಸಹಿ ಮಾಡ್ರಿ” ಎಂದ. ಒಂದು ನಾಗರಿಕ ಸಮಾಜ ಒಬ್ಬ ವ್ಯಕ್ತಿಯನ್ನು ಎಷ್ಟು ಸಭ್ಯವಾಗಿ ನಿರಾಕರಿಸಬಹುದೋ ಅಷ್ಟು ಸಭ್ಯವಾಗಿತ್ತು ಆ ಮಾತು.

ಆದರೆ ನನ್ನ ಬಳಿ ಕಾರಣವಿತ್ತು. ನನ್ನಂಥವರ ಬಳಿ ಕಾರಣಗಳಿಗೆ ಬರವಿಲ್ಲ. ಮಣ್ಣಿನ ಕೆಲಸ ಕಲಿಯಬೇಕೆಂದು ಮನಸ್ಸು ಮಾಡಿದ ದಿನವೇ ನಾನು ಮಣ್ಣನ್ನು ಬಿಟ್ಟು ಪುಸ್ತಕ ಹಿಡಿದಿದ್ದೆ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಆದ್ದರಿಂದ ಮೂರ್ತಿ ಮಾಡಲು ತಕ್ಕುದಲ್ಲ ಎಂದು ಓದಿ, ಇನ್ನೂರು ಪುಟದ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದು ಕೆಳಗೆ ಎರಡು ಗೆರೆ ಎಳೆದೆ. ಎರಡು ವರ್ಷದಲ್ಲಿ ನೋಟ್‌ಬುಕ್ ತುಂಬಿತು. ಕೊರಿಯರ್ ಪೊಟ್ಟಣ ಮಾತ್ರ ಬಿಚ್ಚಲೇ ಇಲ್ಲ. ಸಿದ್ಧತೆ ಪೂರ್ತಿಯಾಗದೆ ಕೈ ಹಾಕಬಾರದೆಂಬುದು ನನ್ನ ನಿಲುವು. ಅದು ಒಳಗೊಳಗೇ ಒಣಗಿ ಕಲ್ಲಾಯಿತು.

ಇದು ಮೊದಲ ಸಲವೂ ಅಲ್ಲ. ಹಿಂದೆ ಹಾರ್ಮೋನಿಯಂ ತಂದಾಗ ಶ್ರುತಿಗಳ ಲೆಕ್ಕಾಚಾರ ಓದುತ್ತ ಓದುತ್ತ, ಆ ಪೆಟ್ಟಿಗೆಯ ಸ್ವರಗಳೇ ಶಾಸ್ತ್ರಕ್ಕೆ ಸರಿಹೊಂದುವುದಿಲ್ಲವೆಂದು ತಿಳಿದು ಬಾರಿಸುವುದನ್ನು ನಿಲ್ಲಿಸಿದೆ. ಇನ್ನೂ ಶುರುವೇ ಮಾಡಿರಲಿಲ್ಲ ಎಂದು ಸುಮಿತ್ರಾ ತಿದ್ದುತ್ತಾಳೆ. ಜಲವರ್ಣ ತಂದಾಗ ಬಣ್ಣಗಳ ಸಂಬಂಧ ತೋರಿಸುವ ಚಕ್ರವೊಂದನ್ನು ಬರೆದೆ. ಇವತ್ತಿಗೂ ನಾನು ಬರೆದ ಏಕೈಕ ಚಿತ್ರ ಅದೇ. “ಛಲೋ ಬಂದೈತಿ,” ಎಂದಿದ್ದಳು ಅವಳು. “ಸೈಕಲ್ ಗಾಲಿ ಏನ್ರಿ?”

ಇಲ್ಲಿ ಒಂದು ಎಚ್ಚರಿಕೆ ಕೊಡಬೇಕು. ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ಒಬ್ಬನೇ ಸಾಕ್ಷಿ ಹೇಳಿದ್ದನ್ನು ನಂಬಬೇಡಿ, ಅವನಿಗೆ ಅದರಿಂದ ಲಾಭವಿದ್ದರಂತೂ ನಂಬಲೇಬೇಡಿ ಎಂದು ವರ್ಷವರ್ಷವೂ ಮಕ್ಕಳಿಗೆ ಹೇಳುತ್ತೇನೆ. ನನ್ನ ಬಾಲ್ಯಕ್ಕೆ ನಾನೊಬ್ಬನೇ ಸಾಕ್ಷಿ. ಲಾಭವೂ ನನ್ನದೇ. ಆದ್ದರಿಂದ ಈ ಮಣ್ಣಿನ ಹುಚ್ಚಿಗೆ ಬೀಜ ಬಿತ್ತಿದ ಮುಂದಿನ ಕಥೆಯನ್ನು ನೀವು ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನನಗೆ ಏಳು ವರ್ಷ. ನಮ್ಮಪ್ಪ ಬಬಲೇಶ್ವರದಲ್ಲಿ ಕಂಪೌಂಡರ್ ಆಗಿದ್ದರು. ಮಣ್ಣೆತ್ತಿನ ಅಮಾವಾಸ್ಯೆಯ ದಿನ. ನಮ್ಮ ಕಡೆ ಆ ದಿನ ಮನೆಮನೆಯಲ್ಲಿ ಮಣ್ಣಿನಿಂದ ಒಂದು ಜೋಡಿ ಎತ್ತು, ಅವಕ್ಕೊಂದು ಗ್ವಾದಲಿ, ಅಂದರೆ ಮೇವು ಹಾಕುವ ದೋಣಿ, ಮಾಡಿ ದೇವರ ಜಗಲಿಯ ಮೇಲಿಟ್ಟು ಪೂಜಿಸುತ್ತಾರೆ. ಹೊಲ ಇದ್ದವರೂ ಇಲ್ಲದವರೂ ಮಾಡುತ್ತಾರೆ. ನಾನು ಕಟ್ಟೆಯ ಮೇಲೆ ಕೂತು ಒಂದು ಎತ್ತು ಮಾಡಿದ್ದೆ. ದಾರಿಯಲ್ಲಿ ಹೊರಟಿದ್ದ ವಯಸ್ಸಾದ ಕುಂಬಾರನೊಬ್ಬ ನಿಂತು ಅದನ್ನೇ ನೋಡಿ, “ಯಾರ ಮಾಡ್ಯಾರ್ರಿ ಇದನ್ನ? ಕೈಯಾಗ ಕಸಬೈತಿ” ಎಂದ. ಇಷ್ಟೇ ಕಥೆ. ಆದರೆ ಇದನ್ನು ನಾನು ಕಾಲೇಜಿನ ಸಮಾರಂಭಗಳಲ್ಲಿ ಹೇಳಿದ ಹಾಗೆಲ್ಲ ಬೆಳೆಯಿತು. ಎರಡನೆಯ ಸಲ ಕುಂಬಾರ ತಲೆಯ ಮೇಲಿನ ಬುಟ್ಟಿ ಇಳಿಸಿದ. ಮೂರನೆಯ ಸಲ ನನ್ನ ಬೆರಳು ಹಿಡಿದು ನೋಡಿದ. ಇತ್ತೀಚಿನ ಆವೃತ್ತಿಯಲ್ಲಿ ಅವನ ಕಣ್ಣಲ್ಲಿ ನೀರು ಬರುತ್ತದೆ.

ಈ ಸಲದ ಅಮಾವಾಸ್ಯೆಗೆ ಒಂದು ವಾರವಿರುವಾಗ ಅಕ್ಕನ ಫೋನ್ ಬಂತು. ಕಸ್ತೂರಿ ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ತಿಕೋಟಾದಲ್ಲಿರುತ್ತಾಳೆ.

“ಏನಲೇ ತಮ್ಮಾ, ಕೈ ಖಾಲಿ ಅದಾವೇನು?”

“ಯಾಕಬೇ ಅಕ್ಕಾ?”

“ನಂದೊಂದ ಕೈ ಕೆಲಸಕ್ಕ ಬರದಂಗ ಆಗೇತಿ. ಹಿತ್ತಲ ಮೆಟ್ಟಲ ಮ್ಯಾಲೆ ಜಾರಿ ಬಿದ್ನಿ. ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕ್ಯಾರ.”

“ಅಯ್ಯೋ, ಭಾಳ ನೋವೇನು?”

“ನೋವಿಂದ ಇರಲಿ. ಎತ್ತ ಯಾರ ಮಾಡಬೇಕು?”

ಈ ಪ್ರಶ್ನೆ ಹೊರಗಿನವರಿಗೆ ಸಣ್ಣದೆನಿಸಬಹುದು. ಪೇಟೆಯಲ್ಲಿ ಕುಂಬಾರರು ಮಾಡಿದ ಚೆಂದದ ಎತ್ತುಗಳು ಸಿಗುತ್ತವೆ. ಹೆಚ್ಚಿನವರು ತರುವುದೂ ಅವನ್ನೇ. ಆದರೆ ನಮ್ಮವ್ವ ಕೊನೆಯ ವರ್ಷದವರೆಗೆ ಮನೆಯಲ್ಲೇ ಮಾಡಿದಳು. ಅವಳು ಹೋದ ಮೇಲೆ ಅಕ್ಕ ಒಂದು ವರ್ಷವೂ ಬಿಟ್ಟಿರಲಿಲ್ಲ. ಪೇಟೆಯಿಂದ ತರಬಹುದಲ್ಲ ಎಂದೆ.

“ತರಬಹುದಲೇ. ಆದರ ಒಂದ ವರ್ಷ ತಂದಿವಿ ಅಂದ್ರ ಮುಂದ ಪ್ರತಿ ವರ್ಷ ತರೂದ ಆಗತೈತಿ. ಅವ್ವನ ಕೈಯಿಂದ ಬಂದದ್ದು ನಮ್ಮನ್ಯಾಗ ಇದೊಂದ ಉಳದೈತಿ.” ಆಮೇಲೆ ದನಿ ಏರಿಸಿ, “ನೀ ಎರಡ ವರ್ಷದಿಂದ ಮಣ್ಣಿನ ವಿದ್ಯಾ ಕಲಿಯಾಕತ್ತೀನಿ ಅಂತ ಊರ ತುಂಬ ಹೇಳ್ಕೋತ ಅಡ್ಡ್ಯಾಡಾಕತ್ತಿ. ಈಗ ಬಂದ ಮಾಡು” ಎಂದಳು.

ನಾನು ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ನೋಟ್‌ಬುಕ್ ತೆಗೆದು ಮೊದಲಿನಿಂದ ಓದತೊಡಗಿದೆ. ಒಂದು ವಾರ ಸುಮಿತ್ರಾ ನನ್ನನ್ನು ನೋಡುತ್ತಲೇ ಇದ್ದಳು. ಕೊನೆಗೆ, “ಎದುರಿನ ಪ್ಲಾಟಿನ್ಯಾಗ ಇನ್ನೂ ಗುಡ್ಡಿಗಟ್ಟಲೆ ಮಣ್ಣ ಬಿದ್ದೈತ್ರಿ. ಒಂದ ಮುಟಗಿ ತಂದ ಒಂದರ ಎತ್ತ ಮಾಡಿ ನೋಡಬಾರದ?” ಎಂದಳು. ಖಿಲಾರಿ ತಳಿಯ ಎತ್ತಿನ ದೇಹದ ಅಳತೆಗಳನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು ಎಂದೆ. ಅವಳು ಬಾಗಿಲ ಬುಡದ ಗಡ್ಡೆಯ ಕಡೆ ಒಮ್ಮೆ ನೋಡಿ ರೊಟ್ಟಿ ಬಡಿಯಲು ಹೋದಳು.

ಅಮಾವಾಸ್ಯೆಯ ಬೆಳಿಗ್ಗೆ ಬಸ್ಸು ಹತ್ತಿದೆ. ಚೀಲದಲ್ಲಿ ನೋಟ್‌ಬುಕ್, ಅಳತೆಯ ಪಟ್ಟಿ, ಕೈವಾರ, ಕೊರಿಯರ್‌ನಲ್ಲಿ ಬಂದಿದ್ದ ಹನ್ನೊಂದು ಮರದ ಸಲಕರಣೆಗಳ ಡಬ್ಬಿ. ಇಟ್ಟಂಗಿಹಾಳದ ಹತ್ತಿರ ಮಳೆಯಾಗಿ ಹೊಲಗಳು ಕರ್ರಗೆ ಮಿನುಗುತ್ತಿದ್ದವು. ನಾಲ್ಕೈದು ಮಕ್ಕಳು ರಸ್ತೆಯಂಚಿನ ಕೆಸರಿನಲ್ಲಿ ಕುಕ್ಕುರುಗಾಲಿನಲ್ಲಿ ಕೂತು ಏನೋ ಮೆತ್ತುತ್ತಿದ್ದವು. ಯಾವ ಅಳತೆಯೂ ಇಲ್ಲದೆ, ಎಂದು ನಾನು ಕನಿಕರಪಟ್ಟೆನೆಂದು ಕಾಣುತ್ತದೆ. ಅಥವಾ ಹೊಟ್ಟೆಕಿಚ್ಚುಪಟ್ಟೆನೋ. ಈಗ ಖಚಿತವಾಗಿ ಹೇಳಲಾರೆ.

ಅಕ್ಕನ ಮನೆಯ ಪಡಸಾಲೆಯಲ್ಲಿ ಒಂದು ಬುಟ್ಟಿ ಕರಿಮಣ್ಣು ನೆನೆದು ಕೂತಿತ್ತು. ಹಿಂದಿನ ದಿನ ಭಾವ ಈರಣ್ಣ ಮಾಮಾ ಬಬಲೇಶ್ವರಕ್ಕೆ ಹೋಗಿದ್ದರಂತೆ. ಅಲ್ಲಿ ಡೋಣಿ ಹೊಳೆಯ ದಂಡೆಯಿಂದ, ಅವ್ವ ತರುತ್ತಿದ್ದ ಜಾಗದಿಂದಲೇ ತಂದದ್ದು. ಮಾಮಾ ದ್ರಾಕ್ಷಿ ಬೆಳೆಯುವವರು. ಮಾತು ಕಡಿಮೆ, ಆಡಿದರೆ ಒಣದ್ರಾಕ್ಷಿಯ ಹಾಗೆ, ಸಣ್ಣದು, ಬಹಳ ದಿನ ಉಳಿಯುವಂಥದ್ದು. ನಾನು ಸಲಕರಣೆಗಳನ್ನು ಒಂದೊಂದಾಗಿ ಬಟ್ಟೆಯ ಮೇಲೆ ಹರಡಿದಾಗ ಅವರು ಬಾಗಿಲಲ್ಲಿ ನಿಂತು, “ಪ್ರೊಫೆಸರ್ ಸಾಹೇಬ್ರ, ಎತ್ತ ಮಾಡ್ತೀರೋ, ಎತ್ತಿಗೆ ಆಪರೇಷನ್ ಮಾಡ್ತೀರೋ?” ಎಂದರು.

“ನೀವ ಸುಮ್ನಿರ್ರಿ,” ಎಂದಳು ಅಕ್ಕ. “ಅವ ಕಲತಾನ.” ಆ ಮಾತಿನಲ್ಲಿ ಒಂದಿಷ್ಟೂ ವ್ಯಂಗ್ಯವಿರಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು. ಪ್ಲಾಸ್ಟರ್ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಗೋಡೆಗೊರಗಿ, ಅವಳು ನಿಜವಾಗಿಯೂ ನನ್ನನ್ನು ನಂಬಿ ಕೂತಿದ್ದಳು. “ದೀಪಾ ಹಚ್ಚೂದ್ರಾಗ ಎತ್ತ ಜಗಲಿ ಮ್ಯಾಲೆ ಇರಬೇಕ ನೋಡು, ಅಷ್ಟ.”

ಎರೆಮಣ್ಣು ಈ ಕೆಲಸಕ್ಕೆ ಬರುವುದಿಲ್ಲ, ಒಣಗಿದರೆ ಬಿರಿಯುತ್ತದೆ ಎಂದು ನಾನು ಮೊದಲೇ ಒಂದು ಕರಾರು ಹಾಕಿದೆ.

“ಬಿರೀಲಿ,” ಎಂದಳು. “ಎತ್ತ ಎಷ್ಟ ವರ್ಷ ಬಾಳಬೇಕಾಗೈತಿ? ನಾಲ್ಕ ದಿನಕ್ಕ ಹಳ್ಳಕ್ಕ ಹೋಗತೈತಿ.”

ಇನ್ನೂರು ಪುಟದಲ್ಲಿ ಎಲ್ಲಿಯೂ ಇರದ ಮಾತು ಅದು. ಮಾಡಿದ್ದು ಉಳಿಯಬೇಕೆಂಬ ಹಟವಿಲ್ಲದಿದ್ದರೆ ನನ್ನ ಅರ್ಧ ನೋಟ್‌ಬುಕ್ ನಿರುಪಯುಕ್ತ. ಹಾಗಾಗಿ ನಾನು ಆ ಮಾತನ್ನು ಕೇಳಿಸಿಕೊಳ್ಳದವನಂತೆ ಕೆಲಸಕ್ಕೆ ತೊಡಗಿದೆ.

ಮಧ್ಯಾಹ್ನದ ಚಹಾದ ಹೊತ್ತಿಗೆ ಒಂದು ಎತ್ತು ಎದ್ದು ನಿಂತಿತು. ಮುಖದ ಅಳತೆ, ಕತ್ತಿನ ಬಾಗು, ಬೆನ್ನಿನ ಇಳಿಜಾರು ಎಲ್ಲ ಲೆಕ್ಕದ ಪ್ರಕಾರ. ಕಾಲುಗಳು ಖಿಲಾರಿಯವೇ: ನೀಳವಾದ, ಸಣ್ಣ, ಚಿಗರೆಯಂಥ ಕಾಲು. ಅಕ್ಕ ಮುಂದೆ ಬಾಗಿ ನೋಡಿದಳು. “ಯಪ್ಪಾ! ಖರೇನ ಎತ್ತ ಕಂಡಂಗ ಕಾಣತೈತಲೋ” ಎಂದಳು. ನಾನು ಎರಡು ಹೆಜ್ಜೆ ಹಿಂದೆ ಸರಿದು, ಕುಂಬಾರನನ್ನು ನೆನೆದು, ಕಣ್ಣು ಅರ್ಧ ಮುಚ್ಚಿದೆ. ಆಗ ಎತ್ತು ನಿಧಾನವಾಗಿ, ಬಹಳ ಮರ್ಯಾದೆಯಿಂದ, ಮುಂದಿನ ಎಡಗಾಲನ್ನು ಮಡಿಚಿತು. ಆಮೇಲೆ ಮುಗ್ಗರಿಸಿತು. ನಾನು ಹಿಡಿಯಲು ಹೋದರೆ ಆ ಕಾಲು ನನ್ನ ಕೈಗೇ ಬಂತು.

ನನ್ನ ತಪ್ಪೇನೆಂದು ನಿಮಗೆ ಆಗಲೇ ತಿಳಿದಿರುತ್ತದೆ. ನಿಜವಾದ ಎತ್ತಿಗೆ ಒಳಗೆ ಎಲುಬಿರುತ್ತದೆ. ನಾನು ಎರಡು ವರ್ಷ ಎತ್ತನ್ನೂ ಓದಿದ್ದೆ, ಮಣ್ಣನ್ನೂ ಓದಿದ್ದೆ. ಒಂದನ್ನು ಇನ್ನೊಂದರಿಂದ ಮಾಡಿ ನೋಡಿರಲಿಲ್ಲ.

ಮಾಮಾ ಬಂದು ಕಾಲನ್ನೂ ಎತ್ತನ್ನೂ ನನ್ನನ್ನೂ ನೋಡಿ, “ಹೋಗ್ಲಿ ಬಿಡ್ರಿ. ನಾಳೆ ಕುಂಟೆತ್ತಿಗೆ ಆತು” ಎಂದರು. ಅಮಾವಾಸ್ಯೆಯ ಮರುದಿನ ಓಣಿಯ ಮಕ್ಕಳು ಕಾಲು ಮುರಿದ ಒಂದು ಮಣ್ಣೆತ್ತನ್ನು ಹಿಡಿದುಕೊಂಡು, ಕುಂಟೆತ್ತು ಬಂದಿದೆ, ಜೋಳ ನೀಡಿ ಎಂದು ಮನೆಮನೆಗೆ ಬರುತ್ತವೆ. ಅದಕ್ಕೆ ಬೇಕಾಗುವ ಎತ್ತನ್ನು ಮಕ್ಕಳು ಅರ್ಧ ಗಳಿಗೆಯಲ್ಲಿ ಮಾಡಿ ಮುರಿಯುತ್ತವೆ. ನನಗೆ ಎರಡು ವರ್ಷ ಹಿಡಿಯಿತು.

ನಾನು ನಗಲಿಲ್ಲ. ಮಾನ ಹೋದವನಿಗೆ ಉಳಿಯುವುದು ಹಳೆಯ ಪ್ರಶಸ್ತಿಪತ್ರ. “ಸಣ್ಣವನಿದ್ದಾಗ ಎಷ್ಟ ಛಂದ ಮಾಡ್ತಿದ್ನೆಲ್ಲ ಅಕ್ಕಾ. ಆ ಕುಂಬಾರ ಮುದುಕ ನಿಂತ ನೋಡಿ ಹೋಗಿದ್ದ, ನೆನಪೈತೇನು?” ಎಂದೆ.

“ಐತಿ,” ಎಂದಳು ಅಕ್ಕ. “ಅದು ನನ್ನ ಎತ್ತು.”

ಕೈಯಲ್ಲಿದ್ದ ಎತ್ತಿನ ಕಾಲನ್ನು ಕೆಳಗಿಟ್ಟೆ.

“ನಿಂದಾ?”

“ಹೂಂ ಮತ್ತ! ಕೈಯಾಗ ಕಸಬೈತಿ ಅಂದದ್ದ ನನಗ. ನಾ ಏನೋ ಮಂದಿ ಮುಂದ ತಮ್ಮ ಹೇಳ್ಕೋತಾನ, ಹೇಳ್ಕೊಳ್ಳಲಿ ಅಂತ ಸುಮ್ನಿದ್ದೆ. ಅವಗ ಕಣ್ಣೀರು ಬೇರೆ ತರಸಾಕತ್ತೀಯಂತಲ್ಲ, ಸುಮಿತ್ರಾ ಹೇಳಿದ್ಲು.”

“ಹಂಗಾರ ನಾ ಮಾಡಿದ್ದು?”

“ನೀ ಮಾಡಿದ್ದನ್ನ ಎತ್ತಂತ ಯಾರೂ ಅನಲಿಲ್ಲ. ಅಪ್ಪ ಹಂದಿ ಅಂದ. ಎದುರಮನಿ ಕಾಕು ಕೋಳಿ ಏನ ಅಂದ್ಲು. ನೀನ ನಕ್ಕೋತ, ಅದಕ್ಕ ‘ಅಂಬಾ’ ಅಂತ ಒದರಾಕ ಹಚ್ಚಿ, ಪಡಸಾಲಿ ತುಂಬ ಅಡ್ಡಾಡಿಸಿದಿ. ಅವ್ವ ಅದನ್ನೂ ಜೋಡೆತ್ತಿನ ಬಾಜೂಕ ಇಟ್ಲು. ‘ಇದೂ ಇರಲಿ, ಕೊಟ್ಟಗ್ಯಾಗ ಎಲ್ಲಾ ಇರತಾವ’ ಅಂದ್ಲು.”

ನಾನು ಪರಿಣತನೆಂದು ಸಾಕ್ಷಿ ಹೇಳಿದ್ದ ಕುಂಬಾರ ಬುಟ್ಟಿ ಹೊತ್ತು ಅಕ್ಕನ ಕಡೆ ಹೊರಟುಹೋದ. ಉಳಿದದ್ದು, ಹಂದಿಯೋ ಕೋಳಿಯೋ ತಿಳಿಯದ ಒಂದು ಪ್ರಾಣಿಯನ್ನು ಮಾಡಿ ನಗುತ್ತಿದ್ದ ಏಳು ವರ್ಷದ ಹುಡುಗ. ಅವನ ಪರಿಚಯವೇ ನನಗಿರಲಿಲ್ಲ.

ಹೊರಗೆ ಬಿಸಿಲು ಗೋಡೆಯ ಅರ್ಧಕ್ಕೆ ಏರಿತ್ತು. ಅಕ್ಕ ಅದನ್ನು ನೋಡಿದಳು. ಎಡಗೈಯಿಂದ ಸೀರೆಯ ಸೆರಗನ್ನು ಸರಿಮಾಡಿಕೊಂಡಳು. ದೀಪ ಹಚ್ಚಲು ಇನ್ನು ಎರಡು ತಾಸೂ ಇರಲಿಲ್ಲ. ಆ ನೋಟ ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು. ನಾನು ಸಲಕರಣೆಗಳನ್ನು ಡಬ್ಬಿಗೆ ತುಂಬಿದೆ. ನೋಟ್‌ಬುಕ್ಕನ್ನು ಬುಟ್ಟಿಯ ಕೆಳಗೆ ಹಾಕಿದೆ, ನೆಲ ಕೆಸರಾಗದ ಹಾಗೆ. ಅದು ನನಗೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಎರಡೂ ಕೈಯನ್ನು ಮೊಣಕೈವರೆಗೆ ಮಣ್ಣಿಗಿಳಿಸಿದೆ.

ತಣ್ಣಗಿತ್ತು. ಬೆರಳ ಸಂದಿಯಿಂದ ಪುಚಕ್ಕನೆ ಹೊರಬಂತು. ಸುಮ್ಮನೆ ಇನ್ನೊಮ್ಮೆ ಹಿಸುಕಿದೆ, ಆ ಸದ್ದಿಗಾಗಿ. ಮತ್ತೂ ಒಮ್ಮೆ. ಮಾಮಾ ಕೆಮ್ಮಿದರು. ನಾನು ಲೆಕ್ಕಿಸಲಿಲ್ಲ. ಒಂದು ದೊಡ್ಡ ಉಂಡೆ, ಅದಕ್ಕೊಂದು ಸಣ್ಣ ಉಂಡೆ, ಕೆಳಗೆ ನಾಲ್ಕು ಕಂಬ. ಕಾಲಲ್ಲ, ಕಂಬ. ಕೋಡುಗಳು ಒಂದು ಮೇಲಕ್ಕೆ, ಇನ್ನೊಂದು ಪಕ್ಕಕ್ಕೆ ಹೋದವು, ಹೋಗಲಿ ಎಂದೆ. ಕಣ್ಣಿಗೆ ಎರಡು ಜೋಳದ ಕಾಳು ಒತ್ತಿದೆ; ಅದು ನನ್ನನ್ನೇ ಓರೆಯಾಗಿ ನೋಡತೊಡಗಿತು. ಆ ನೋಟ ನಮ್ಮ ಕಾಲೇಜಿನ ಒಬ್ಬ ಹಿರಿಯರನ್ನು ನೆನಪಿಸಿ ನಗು ಬಂತು. ನಗುತ್ತಲೇ ಬಾಲವನ್ನು ಬೆನ್ನಿಗೆ ಹಚ್ಚಿದೆ.

ಅಕ್ಕ ಮುಂದೆ ಸರಿದಳು. ಅವಳ ಮುಖ ಬೇರೆಯಾಗಿತ್ತು.

“ಬಾಲ ಯಾಕ ಮ್ಯಾಲೆ ಎತ್ತಿ ಡುಬ್ಬಕ್ಕ ಹಚ್ಚೀದಿ?”

“ಕೆಳಗ ಬಿಟ್ಟರ ಉದರತೈತಿ, ಅದಕ್ಕ.”

ಅವಳು ನನ್ನನ್ನೇ ನೋಡಿದಳು. “ಅವತ್ತೂ ಹಿಂಗ ಹಚ್ಚಿದ್ದಿ. ಅವ್ವ ಕೇಳಿದ್ಲು. ನೀ ಇದ ಮಾತ ಅಂದಿದ್ದಿ.” ಆಮೇಲೆ ಎಡಗೈ ಚಾಚಿ ಆ ಪ್ರಾಣಿಯ ಬೆನ್ನ ಮೇಲೆ ಒಂದು ಬೆರಳಿಟ್ಟಳು. “ಇದು ಅದ ಐತಲೋ ತಮ್ಮಾ.”

ವೃತ್ತಿಧರ್ಮದ ಪ್ರಕಾರ ನಾನು ಅಡ್ಡಪ್ರಶ್ನೆ ಹಾಕಬೇಕಿತ್ತು. ಅಕ್ಕನ ನೆನಪೂ ನೆನಪೇ ತಾನೆ. ಅವಳಿಗೂ ಅವ್ವ ಬೇಕಾಗಿದ್ದಳು. ಆದರೆ ಅವಳು ಆ ಬಾಲದ ಮಾತನ್ನು ನನಗೆ ಮೊದಲು ಹೇಳಿರಲಿಲ್ಲ. ನನ್ನ ತಲೆಗೆ ಗೊತ್ತಿರದ ಹುಡುಗನೊಬ್ಬ ನನ್ನ ಕೈಗೆ ಗೊತ್ತಿದ್ದ. ನಾನು ಪ್ರಶ್ನೆ ಹಾಕಲಿಲ್ಲ.

“ಇನ್ನೊಂದ?” ಎಂದರು ಮಾಮಾ. ಜೋಡಿ ಬೇಕಲ್ಲ.

“ಅದನ್ನ ನಾ ಮಾಡ್ತೀನಿ,” ಎಂದಳು ಅಕ್ಕ. ಒಂದು ವಾರದಿಂದ ಎಡಗೈಯಲ್ಲಿ ತುತ್ತನ್ನೂ ಸರಿಯಾಗಿ ಎತ್ತಲಾರದವಳು ಮಣ್ಣು ಎಳೆದುಕೊಂಡಳು. ನಾನು ಉಂಡೆ ಹಿಡಿದುಕೊಂಡೆ, ಅವಳು ಎಡಗೈಯಿಂದ ತಿದ್ದಿದಳು. ಕುಂಬಾರ ಮೆಚ್ಚಿದ್ದ ಕೈಯವಳು ಮಾಡಿದ ಎತ್ತು ಎಡಕ್ಕೆ ವಾಲಿ ನಿಂತಿತು. ಅದನ್ನು ನೋಡಿ ಅವಳು ನಗತೊಡಗಿದಳು. ನಗು ಹೆಚ್ಚಾಗಿ, “ಲೇ, ಕೈ ನೋಯಾಕತ್ತೈತಿ, ನಗಸಬ್ಯಾಡೋ” ಎಂದು ಇನ್ನೂ ನಕ್ಕಳು. ನಾನು ಏನೂ ಮಾಡಿರಲಿಲ್ಲ. ನನ್ನ ಎತ್ತಿಗೆ ಸ್ವಲ್ಪ ಒದರಲು ಹಚ್ಚಿದ್ದೆ, ಅಷ್ಟೆ.

ದೀಪ ಹಚ್ಚುವ ಹೊತ್ತಿಗೆ ಜೋಡಿ ಜಗಲಿಯ ಮೇಲಿತ್ತು. ಒಂದಕ್ಕೊಂದು ಆತು ನಿಂತಿದ್ದವು; ಬೇರೆ ಮಾಡಿದ್ದರೆ ಎರಡೂ ಬೀಳುತ್ತಿದ್ದವು. ಆಗ ಮಾಮಾ ಒಳಗೆ ಹೋಗಿ, ಒಣದ್ರಾಕ್ಷಿಯ ಡಬ್ಬವೊಂದನ್ನು ತಂದು ತಪ್ಪಿತಸ್ಥರಂತೆ ನೆಲಕ್ಕಿಟ್ಟರು. ಒಳಗೆ ಹೊಟ್ಟಿನ ಮೇಲೆ ಪೇಟೆಯ ಒಂದು ಜೊತೆ ಎತ್ತು, ತಿದ್ದಿ ತೀಡಿದಂಥವು. ನಿನ್ನೆ ಬಬಲೇಶ್ವರದಲ್ಲಿ ಕೊಂಡು ಬಚ್ಚಿಟ್ಟಿದ್ದರು.

“ನೀ ಮೊನ್ನೆ ಹೇಳಿದ್ದಿ ಅವ ಕಲತಾನಂತ,” ಎಂದರು ಹೆಂಡತಿಗೆ. “ಅದಕ್ಕ ತಂದಿಟ್ಟಿದ್ದೆ.”

ಅಕ್ಕ ಗುಡುಗುತ್ತಾಳೆಂದು ನಾವಿಬ್ಬರೂ ಕಾದೆವು. ಅವಳು ಪೇಟೆಯ ಎತ್ತುಗಳನ್ನು ಎಡಗೈಯಲ್ಲಿ ಒಂದೊಂದಾಗಿ ಎತ್ತಿ, ನಮ್ಮ ಜೋಡಿಯ ಹಿಂದೆ ಸ್ವಲ್ಪ ಜಾಗ ಮಾಡಿ ಇಟ್ಟಳು. ಮೂರು ಕಾಲಿನ ನನ್ನ ಖಿಲಾರಿಯನ್ನೂ ಗೋಡೆಗೆ ಆನಿಸಿ ಕೂರಿಸಿದಳು.

“ಇವೂ ಇರಲಿ,” ಎಂದಳು.

ಮರುದಿನ ವಿಜಯಪುರಕ್ಕೆ ಬಂದವನೇ ನಾನು ಆ ಐದು ಕಿಲೋ ಗಡ್ಡೆಯನ್ನು ಒನಕೆಯಿಂದ ಒಡೆದು ಬಕೆಟ್ಟಿನಲ್ಲಿ ನೆನೆಹಾಕಿದೆ. ಸುಮಿತ್ರಾ ಮೊದಲು ತನ್ನ ಬಾಗಿಲಿನ ಬಗ್ಗೆ ತಕರಾರು ತೆಗೆದಳು. ನಾಲ್ಕನೆಯ ದಿನ, “ಒಂಚೂರ ಕೊಡ್ರಿ ಇಲ್ಲೆ” ಎಂದು ಪಕ್ಕದಲ್ಲಿ ಕೂತಳು. ಬಾಗಿಲು ತನ್ನ ಹಳೆಯ ಚಾಳಿಗೆ ಮರಳಿದೆ. ಗಾಳಿ ಎದ್ದಾಗಲೆಲ್ಲ ಧಡಾರನೆ ಬಡಿಯುತ್ತದೆ. ಯಾರಾದರೂ ಎದ್ದು ಹಿಡಿಯಬೇಕು. ಆದರೆ ಮನೆಯಲ್ಲಿರುವುದು ಇಬ್ಬರೇ, ಇಬ್ಬರ ಕೈಯೂ ಮಣ್ಣಾಗಿರುತ್ತದೆ.